ಡೀಸೆಲ್ ಪಿಕಪ್‌ಗೆ ಎರಡು ಬ್ಯಾಟರಿ: ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಅಪಾಯ?

ಅಮೆರಿಕದ ಡೀಸೆಲ್ ಪಿಕಪ್‌ಗಳಲ್ಲಿ ಕಂಪನಿಯೇ ಎರಡು ಬ್ಯಾಟರಿ ಕೊಡುತ್ತದೆ, ನಮ್ಮಲ್ಲಿ ಮಾತ್ರ ಒಂದೇ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಇನ್ನೊಂದು ಬ್ಯಾಟರಿ ತಂದು ಪಕ್ಕಕ್ಕಿಟ್ಟು ಎರಡು ವೈರ್ ಎಳೆದರೆ ಸ್ಟಾರ್ಟಿಂಗ್ ಪವರ್ ಡಬಲ್, ಮೈಲೇಜೂ ಜಾಸ್ತಿ. ಈ ಧಾಟಿಯ ಮೆಸೇಜ್ ಅಥವಾ ವಿಡಿಯೋ ನಿಮ್ಮ ಗ್ರೂಪಿಗೂ ಬಂದಿರಬಹುದು. ಇದರಲ್ಲಿ ಮೊದಲ ಮಾತು ನಿಜ. ಉಳಿದದ್ದರಲ್ಲಿ ಸ್ವಲ್ಪ ಅರ್ಧಸತ್ಯ, ಸ್ವಲ್ಪ ಶುದ್ಧ ಸುಳ್ಳು, ಇನ್ನು ಸ್ವಲ್ಪ ಗಾಡಿಗೆ ಬೆಂಕಿ ಹಚ್ಚುವಂಥದ್ದು. ಒಂದೊಂದಾಗಿ ನೋಡೋಣ.

ಮೊದಲು ಅಮೆರಿಕದ ವಿಷಯ. ಫೋರ್ಡ್ ಎಫ್-250ಯ 7.3 ಲೀಟರ್ ಪವರ್ ಸ್ಟ್ರೋಕ್ ಡೀಸೆಲ್, ಕಮ್ಮಿನ್ಸ್ ಎಂಜಿನ್ನಿನ ರ‍್ಯಾಮ್ 2500, ಇಂಥ ದೊಡ್ಡ ಪಿಕಪ್‌ಗಳಲ್ಲಿ ಎರಡು 12 ವೋಲ್ಟ್ ಬ್ಯಾಟರಿ ಇರುವುದು ಹೌದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರು ಹದಿನೇಳು ಪಟ್ಟು ಒತ್ತಿ, ಆ ಬಿಸಿಯಿಂದಲೇ ಇಂಧನ ಹೊತ್ತಿಕೊಳ್ಳಬೇಕು. ಅಷ್ಟು ಒತ್ತಡದ ವಿರುದ್ಧ 7.3 ಲೀಟರಿನ ಎಂಜಿನ್ನನ್ನು ತಿರುಗಿಸಲು ಸ್ಟಾರ್ಟರ್ ಮೋಟಾರ್ ನೂರಾರು ಆಂಪಿಯರ್ ಎಳೆಯುತ್ತದೆ. ಅದರ ಮೇಲೆ ಎಂಟು ಗ್ಲೋ ಪ್ಲಗ್‌ಗಳು ನೂರು ಆಂಪಿಯರಿಗೂ ಹೆಚ್ಚು ಕೇಳುತ್ತವೆ. ಇದೆಲ್ಲ ನಡೆಯಬೇಕಾದದ್ದು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ. ಆಗ ಎಂಜಿನ್ ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆಯೂ ಮಂದವಾಗಿರುತ್ತದೆ. ಬ್ಯಾಟರಿಯ ಮೇಲೆ ಬರೆಯುವ ‘ಕೋಲ್ಡ್ ಕ್ರ್ಯಾಂಕಿಂಗ್ ಆಂಪ್ಸ್’ ಎಂಬ ಅಂಕಿಯನ್ನು ಅಳೆಯುವುದೇ ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಎರಡನೇ ಬ್ಯಾಟರಿ ಅಲ್ಲಿ ಶೋಕಿಯಲ್ಲ, ಬೆಳಗ್ಗೆ ಗಾಡಿ ಎದ್ದೇಳಲು ಬೇಕಾದ ವಸ್ತು.

ನಮ್ಮ ಬೊಲೆರೊ ಪಿಕಪ್‌ನ ಎಂಜಿನ್ 2.5 ಲೀಟರ್, ಮತ್ತು ನಮ್ಮ ಡಿಸೆಂಬರ್ ಚಳಿ ಒಂದು ಸ್ವೆಟರಿಗೆ ಮುಗಿಯುತ್ತದೆ. ಸ್ಟಾರ್ಟ್ ಮಾಡಲು ಒಂದು ಒಳ್ಳೆಯ ಬ್ಯಾಟರಿ ಧಾರಾಳ ಸಾಕು. ಬೆಳಗ್ಗೆ ಸ್ಟಾರ್ಟರ್ ಕೊರಗುಟ್ಟುತ್ತಿದ್ದರೆ ಎರಡನೇ ಬ್ಯಾಟರಿ ತರುವ ಮುಂಚೆ ಟರ್ಮಿನಲ್ ಮೇಲಿನ ಬಿಳಿ ಹಸಿರು ಪುಡಿ, ಸಡಿಲ ಕ್ಲಾಂಪು, ಚಾಸಿಗೆ ಬರುವ ಅರ್ಥ್ ಕೇಬಲ್ ನೋಡಿ. ಹತ್ತರಲ್ಲಿ ಎಷ್ಟೋ ಸಲ ರೋಗ ಅಲ್ಲೇ ಇರುತ್ತದೆ. ಅಂದಹಾಗೆ ನಮ್ಮಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಚಳಿಯಲ್ಲ, ಸೆಕೆ. ಸರಾಸರಿ ತಾಪ 10 ಡಿಗ್ರಿ ಏರಿದರೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಈ ಕ್ಷೇತ್ರದ ಹಳೆಯ ಲೆಕ್ಕ. ರಾಯಚೂರು, ಕಲಬುರಗಿ ಕಡೆಯ ಚಾಲಕರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೈಲೇಜ್ ಹೆಚ್ಚುತ್ತದೆ ಎಂಬುದು ಸುಳ್ಳು. ಬ್ಯಾಟರಿ ಕರೆಂಟನ್ನು ಹುಟ್ಟಿಸುವುದಿಲ್ಲ, ಕೂಡಿಡುತ್ತದೆ ಅಷ್ಟೇ. ಹುಟ್ಟಿಸುವುದು ಆಲ್ಟರ್ನೇಟರ್, ಅದನ್ನು ತಿರುಗಿಸುವುದು ನಿಮ್ಮದೇ ಡೀಸೆಲ್. 100 ಆಂಪಿಯರ್-ಅವರ್ ಬ್ಯಾಟರಿ 25ರಿಂದ 30 ಕಿಲೋ ತೂಗುತ್ತದೆ, ಅದನ್ನೂ ಹೊತ್ತು ತಿರುಗಬೇಕು.

ಹಾಗಾದರೆ ಎರಡನೇ ಬ್ಯಾಟರಿ ಯಾರಿಗೂ ಬೇಡವೇ? ಬೇಕು. ಪಿಕಪ್ಪನ್ನೇ ಕ್ಯಾಂಟೀನ್ ಮಾಡಿಕೊಂಡವರು, ಐಸ್‌ಕ್ರೀಮ್ ಫ್ರಿಜ್ ಇಟ್ಟವರು, ಗಣೇಶನ ಮೆರವಣಿಗೆಗೆ ಸೌಂಡ್ ಸಿಸ್ಟಂ ಕಟ್ಟುವವರು, ಇವರೆಲ್ಲ ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಕರೆಂಟ್ ಬಳಸುತ್ತಾರೆ. ಸ್ಟಾರ್ಟರ್ ಬ್ಯಾಟರಿ ಇದಕ್ಕೆ ಹುಟ್ಟಿದ್ದಲ್ಲ. ಅದರ ಪ್ಲೇಟುಗಳು ತೆಳು, ಕೆಲವು ಸೆಕೆಂಡು ಜೋರಾಗಿ ಕರೆಂಟ್ ಕೊಟ್ಟು ಮತ್ತೆ ತುಂಬಿಕೊಳ್ಳಲು ಮಾಡಿದ್ದು. ಪದೇ ಪದೇ ಪೂರ್ತಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ, ರಾತ್ರಿ ಮನೆಗೆ ಹೊರಟಾಗ ಗಾಡಿಯೂ ಸ್ಟಾರ್ಟ್ ಆಗುವುದಿಲ್ಲ. ಇಂಥ ಕೆಲಸಕ್ಕೆ ದಪ್ಪ ಪ್ಲೇಟಿನ ಡೀಪ್ ಸೈಕಲ್ ಬ್ಯಾಟರಿ ಬೇರೆಯೇ ಇರಬೇಕು.

ಎಷ್ಟು ದೊಡ್ಡದು ಬೇಕು? ಲೆಕ್ಕ ಸುಲಭ. 600 ವ್ಯಾಟ್ ಎಳೆಯುವ ಆಂಪ್ಲಿಫೈಯರ್ 12 ವೋಲ್ಟಿನಲ್ಲಿ 50 ಆಂಪಿಯರ್ ಕುಡಿಯುತ್ತದೆ. 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಅರ್ಧದಷ್ಟೇ ಬಳಸುವುದು ಕ್ಷೇಮ, ಅಂದರೆ ಒಂದು ಗಂಟೆ. ನಿಜದಲ್ಲಿ ಅದೂ ಸಿಗುವುದಿಲ್ಲ. ಆ 100 ಎಂಬ ಅಂಕಿ ಸಾಮಾನ್ಯವಾಗಿ 20 ಗಂಟೆ ಕಾಲ 5 ಆಂಪಿಯರಿನಂತೆ ನಿಧಾನಕ್ಕೆ ಎಳೆದಾಗಿನದು, ಜೋರಾಗಿ ಎಳೆದಷ್ಟೂ ಸಿಗುವುದು ಕಡಿಮೆ. ಅದೇ ಸರಾಸರಿ 2 ಆಂಪಿಯರ್ ತಿನ್ನುವ ಸಣ್ಣ ಫ್ರಿಜ್ ಆದರೆ ಇಡೀ ದಿನ ನಡೆಯುತ್ತದೆ. ಡಿಜೆಯವರು ಬ್ಯಾಟರಿ ಬಿಟ್ಟು ಜನರೇಟರ್ ತರುವುದು ಸುಮ್ಮನೆ ಅಲ್ಲ.

ಈಗ ಅಪಾಯದ ಭಾಗ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಕೊಟ್ಟರೆ ಅದು ಪ್ಯಾರಲಲ್: ವೋಲ್ಟೇಜ್ 12 ಆಗಿಯೇ ಉಳಿದು ಸಾಮರ್ಥ್ಯ ಕೂಡುತ್ತದೆ. ಒಂದರ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕೊಟ್ಟರೆ ಸೀರೀಸ್: 24 ವೋಲ್ಟ್. ದೊಡ್ಡ ಲಾರಿಗಳಲ್ಲಿ ಕಾಣುವುದು ಈ ಎರಡನೆಯದು. ಅಲ್ಲಿ ಸ್ಟಾರ್ಟರ್, ಬಲ್ಬು, ಎಲ್ಲವೂ 24 ವೋಲ್ಟಿನವೇ. ಲಾರಿ ನೋಡಿಕೊಂಡು 12 ವೋಲ್ಟಿನ ಪಿಕಪ್‌ಗೆ ಹಾಗೇ ಜೋಡಿಸಿದರೆ ಬಲ್ಬು ಹೋಗುವುದು ಚಿಲ್ಲರೆ ನಷ್ಟ. ಎಂಜಿನ್ ನಿಯಂತ್ರಿಸುವ ಇಸಿಯು ಸುಟ್ಟರೆ ಸಾವಿರಾರು ರೂಪಾಯಿ ಹೋಯಿತು, ರಿಪೇರಿ ಆಗುವವರೆಗೆ ಬಾಡಿಗೆಯೂ ಇಲ್ಲ.

ಪ್ಯಾರಲಲ್ ಸರಿ ಎಂದುಕೊಂಡು ಮನೆಯಲ್ಲಿದ್ದ ಹಳೆಯ ಇನ್ವರ್ಟರ್ ಬ್ಯಾಟರಿಯನ್ನು ನೇರ ಜೋಡಿಸುವುದೂ ತಪ್ಪೇ. 12 ವೋಲ್ಟ್ ಬ್ಯಾಟರಿಯೊಳಗೆ ಆರು ಸೆಲ್ ಇರುತ್ತವೆ. ಹಳೆಯದರಲ್ಲಿ ಒಂದು ಸೆಲ್ ಶಾರ್ಟ್ ಆಗಿದ್ದರೆ ಅದು ಸುಮಾರು 10 ವೋಲ್ಟಿನ ಬ್ಯಾಟರಿಯಾಗುತ್ತದೆ, ಒಳ್ಳೆಯದು ಹಗಲೂ ರಾತ್ರಿ ಅದರೊಳಗೆ ಕರೆಂಟ್ ಸುರಿಯುತ್ತಲೇ ಇರುತ್ತದೆ. ಕೊನೆಗೆ ಎರಡೂ ಖಾಲಿ. ಬಿಸಿಯೇರಿದರೆ ಹೈಡ್ರೋಜನ್ ಅನಿಲ ಹೊರಡುತ್ತದೆ, ಗಾಳಿಯಲ್ಲಿ ಅದು ಶೇಕಡಾ 4ರಷ್ಟಿದ್ದರೂ ಒಂದು ಕಿಡಿಗೆ ಸಿಡಿಯಬಲ್ಲದು. ಸಿಡಿದಾಗ ಹಾರುವುದು ಸಲ್ಫ್ಯೂರಿಕ್ ಆಸಿಡ್. ನೀರು ಹಾಕುವ ಬ್ಯಾಟರಿಯನ್ನು ಕ್ಯಾಬಿನ್ ಒಳಗೆ, ಸೀಟಿನ ಹಿಂದೆ ಇಡಬೇಡಿ ಎನ್ನುವುದು ಇದಕ್ಕೇ. ಅಮೆರಿಕದ ಪಿಕಪ್‌ಗಳಲ್ಲೂ ಎರಡು ಬ್ಯಾಟರಿ ಒಂದೇ ಮಾದರಿ, ಒಂದೇ ವಯಸ್ಸಿನವು ಇರಬೇಕು, ಬದಲಿಸುವಾಗ ಜೋಡಿಯಾಗಿಯೇ ಬದಲಿಸಬೇಕು.

ಸರಿಯಾದ ಕ್ರಮ ಎಂದರೆ ಎರಡರ ನಡುವೆ ಒಬ್ಬ ಕಾವಲುಗಾರನನ್ನು ಇಡುವುದು. ವೋಲ್ಟೇಜ್ ನೋಡಿ ಕೆಲಸ ಮಾಡುವ ರಿಲೇ ಬರುತ್ತದೆ. ಎಂಜಿನ್ ಓಡಿ ಮುಖ್ಯ ಬ್ಯಾಟರಿ ಸುಮಾರು 13.3 ವೋಲ್ಟ್ ತಲುಪಿದಾಗ ಎರಡನ್ನೂ ಕೂಡಿಸುತ್ತದೆ, ಎಂಜಿನ್ ನಿಂತು 12.8ರ ಆಸುಪಾಸಿಗೆ ಇಳಿದಾಗ ಬೇರ್ಪಡಿಸುತ್ತದೆ. ನೀವು ಎರಡನೆಯದನ್ನು ಪೂರ್ತಿ ಬರಿದು ಮಾಡಿದರೂ ಸ್ಟಾರ್ಟ್ ಮಾಡುವ ಬ್ಯಾಟರಿ ಭದ್ರ. ಆದರೆ ಗಾಡಿ 2020ರ ಏಪ್ರಿಲ್ ನಂತರದ ಬಿಎಸ್ 6 ಆಗಿದ್ದರೆ ಮೊದಲು ಒಂದು ವಿಷಯ ವಿಚಾರಿಸಿ. ಇಂಧನ ಉಳಿಸಲು ವೋಲ್ಟೇಜನ್ನು ತಾನೇ ತಗ್ಗಿಸುವ ಸ್ಮಾರ್ಟ್ ಆಲ್ಟರ್ನೇಟರ್ ಅದರಲ್ಲಿ ಇದ್ದರೆ ರಿಲೇ ಗೊಂದಲಕ್ಕೆ ಬೀಳುತ್ತದೆ, ಡಿಸಿ-ಡಿಸಿ ಚಾರ್ಜರ್ ಬೇಕು. ಎರಡನೆಯದು ಲಿಥಿಯಂ ಆದರೂ ಅದೇ ಮಾತು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸುಮ್ಮನೆ ಕೂತಾಗಲೇ 13 ವೋಲ್ಟ್ ಮೀರಿರುತ್ತದೆ, ರಿಲೇ ಬೇರ್ಪಡುವುದೇ ಇಲ್ಲ. ಖಾಲಿಯಾದ ಲಿಥಿಯಂ ಆಲ್ಟರ್ನೇಟರಿನಿಂದ ಮಿತಿಮೀರಿ ಕರೆಂಟ್ ಎಳೆದು ಅದನ್ನೇ ಸುಡಬಹುದು. ಅಗ್ಗದ ವೈರಿಂಗ್ ವಿಡಿಯೋಗಳು ಬಿಟ್ಟುಬಿಡುವುದು ಇದನ್ನೇ.

ವೈರಿನಲ್ಲಿ ಜಿಪುಣತನ ಬೇಡ. ಬ್ಯಾಟರಿ ಹಿಂದಿನ ಟ್ರೇಯಲ್ಲಿದ್ದರೆ ಹೋಗಿ ಬರುವ ತಾಮ್ರ ಸೇರಿ 10 ಮೀಟರ್ ಆದೀತು. 40 ಆಂಪಿಯರ್ ಹರಿಯುವಾಗ 6 ಚದರ ಮಿಲಿಮೀಟರ್ ವೈರಿನಲ್ಲಿ ಸುಮಾರು 1.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಆಲ್ಟರ್ನೇಟರ್ 14.2 ಕೊಟ್ಟರೆ ತಲುಪುವುದು 13, ಬ್ಯಾಟರಿ ಎಂದೂ ಸರಿಯಾಗಿ ತುಂಬುವುದಿಲ್ಲ. 16 ಚದರ ಮಿಲಿಮೀಟರ್ ಹಾಕಿದರೆ ನಷ್ಟ ಅರ್ಧ ವೋಲ್ಟಿಗಿಂತ ಕಡಿಮೆ.

ಫ್ಯೂಸ್ ಎರಡು ಬೇಕು, ಒಂದಲ್ಲ. ಈ ವೈರಿನ ಎರಡೂ ತುದಿಯಲ್ಲಿ ಬ್ಯಾಟರಿ ಇದೆ. ನಡುವೆ ಎಲ್ಲೋ ಚಾಸಿಗೆ ಉಜ್ಜಿ ತೊಗಲು ಹರಿದರೆ ಎರಡೂ ಕಡೆಯಿಂದ ಕರೆಂಟ್ ನುಗ್ಗುತ್ತದೆ, ಅದೂ ಸಾವಿರ ಆಂಪಿಯರ್ ಮೀರಿ. ಪ್ರತಿ ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಒಂದೊಂದು ಫ್ಯೂಸ್, ವೈರ್ ತಡೆಯಬಲ್ಲ ಕರೆಂಟಿಗಿಂತ ಕಡಿಮೆಯದು. ಫ್ಯೂಸ್ ಪದೇ ಪದೇ ಹೋಗುತ್ತದೆಂದು ತಾಮ್ರದ ತಂತಿ ಸುತ್ತುವವರಿದ್ದಾರೆ, ಅವರ ಕೈಗೆ ಗಾಡಿ ಕೊಡಬೇಡಿ. ಬ್ಯಾಟರಿಯನ್ನು ಹಗ್ಗದಲ್ಲಿ ಕಟ್ಟದೆ ಕಬ್ಬಿಣದ ಕ್ಲಾಂಪಿನಲ್ಲಿ ಬಿಗಿಸಿ. ವಾರಂಟಿ ಇನ್ನೂ ಇದ್ದರೆ ಡೀಲರ್‌ನಿಂದ, ವಿಮೆಯವರಿಂದ ಮೊದಲೇ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಜೋಡಿಸಿದ ಮೇಲೆ ಮೆಕ್ಯಾನಿಕ್‌ಗೆ ಹೇಳಲೇಬೇಕಾದ ಮಾತೊಂದಿದೆ. ಒಂದೇ ಬ್ಯಾಟರಿಯ ಮೈನಸ್ ಬಿಚ್ಚಿದರೆ ಗಾಡಿಯ ವೈರಿಂಗ್ ಸತ್ತಿದೆ ಎಂಬ ರೂಢಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಎರಡನೆಯದು ಇನ್ನೂ ಜೀವಂತ ಇರುತ್ತದೆ. ವೆಲ್ಡಿಂಗ್ ಇರಲಿ, ಸ್ಟಾರ್ಟರ್ ರಿಪೇರಿ ಇರಲಿ, ಮೊದಲು ಎರಡರ ಮೈನಸ್ಸನ್ನೂ ಬಿಚ್ಚಬೇಕು. ಬಾನೆಟ್ಟಿನ ಒಳಗೆ ಅದನ್ನು ಕನ್ನಡದಲ್ಲೇ ಬರೆದು ಅಂಟಿಸಿಡಿ.