ಎರಡು ನಿಮಿಷದ ವಿಮಾನ

"ಮೂರೇ ಕಿಲೋಮೀಟರ್. ಅದಕ್ಕೂ ಬಸ್ ಬೇಕಾ?"

ಹಳ್ಳದಾಚೆಯ ಒಂದು ಊರಿಗೆ ಬಸ್ ನಿಂತ ಸುದ್ದಿ ಮಾಡಲು ಹೋದಾಗ ನನಗೆ ಸಿಕ್ಕ ಉತ್ತರ ಇದು. ಆಗ ನೆನಪಾಗಿದ್ದು ಸ್ಕಾಟ್ಲೆಂಡಿನ ಒಂದು ವಿಮಾನ. ಅದು ಹಾರುವ ದೂರ ಸುಮಾರು 2.7 ಕಿಲೋಮೀಟರ್. ಬೆಂಗಳೂರು ವಿಮಾನ ನಿಲ್ದಾಣದ ಒಂದು ರನ್‌ವೇಯೇ 4 ಕಿಲೋಮೀಟರ್ ಉದ್ದ ಇದೆ!

ಸ್ಕಾಟ್ಲೆಂಡಿನ ಉತ್ತರ ತುದಿಯಾಚೆ, ಸಮುದ್ರದಲ್ಲಿ, ಆರ್ಕ್ನಿ ಎಂಬ ದ್ವೀಪಗಳ ಗುಂಪಿದೆ. ಎಪ್ಪತ್ತರಷ್ಟು ದ್ವೀಪಗಳಲ್ಲಿ ಜನ ಇರುವುದು ಇಪ್ಪತ್ತರಲ್ಲಿ ಮಾತ್ರ. ಅವುಗಳಲ್ಲಿ ಎರಡು, ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ. ಪಾಪಾ ವೆಸ್ಟ್ರೆಯ ಜನಸಂಖ್ಯೆ ನೂರನ್ನೂ ಮುಟ್ಟುವುದಿಲ್ಲ. ಆದರೆ ಊರು ಹಳೆಯದು. ಐದು ಸಾವಿರ ವರ್ಷಕ್ಕೂ ಹಿಂದಿನ ರೈತರ ಕಲ್ಲಿನ ಮನೆಗಳು ಇಂದಿಗೂ ಅಲ್ಲಿ ನಿಂತಿವೆ.

ಇಲ್ಲಿಗೆ ವಿಮಾನ ಬಂದಿದ್ದು ಹೇಗೆ? 1933ರಲ್ಲಿ ಕ್ಯಾಪ್ಟನ್ ಫ್ರೆಸನ್ ಎಂಬ ಪೈಲಟ್ ಸ್ಕಾಟ್ಲೆಂಡಿನ ಇನ್ವರ್ನೆಸ್‌ನಿಂದ ಆರ್ಕ್ನಿಯ ಮುಖ್ಯ ಪಟ್ಟಣ ಕರ್ಕ್‌ವಾಲ್‌ಗೆ ವಿಮಾನ ಸೇವೆ ಶುರುಮಾಡಿದರು. ಮರುವರ್ಷ ಅಂಚೆ ಚೀಲಗಳೂ ಅದರಲ್ಲೇ ಬಂದವು. ಸಣ್ಣ ದ್ವೀಪಗಳಲ್ಲಿ ಹೊಲ, ಹುಲ್ಲುಗಾವಲುಗಳೇ ರನ್‌ವೇ ಆದವು. ಎರಡನೇ ಮಹಾಯುದ್ಧ ಬಂತು. ಯುದ್ಧದ ನಂತರ ವಿಮಾನ ಸೇವೆ ಸರ್ಕಾರದ ಕೈಗೆ ಹೋಯಿತು. ಕರ್ಕ್‌ವಾಲ್‌ಗೆ ವಿಮಾನ ಬರುತ್ತಿತ್ತು, ಸಣ್ಣ ದ್ವೀಪಗಳಿಗೆ ಮಾತ್ರ ಇಲ್ಲ. 1967ರಲ್ಲಿ ಲೋಗನೇರ್ ಕಂಪನಿ ಆ ಸೇವೆಯನ್ನು ಮತ್ತೆ ತಂದಿತು.

ಎಂಟು ಪ್ರಯಾಣಿಕರ 'ಐಲ್ಯಾಂಡರ್' ಎಂಬ ಪುಟ್ಟ ವಿಮಾನ ಅದು. ಎರಡು ಇಂಜಿನ್, ಎರಡು ಫ್ಯಾನ್, ಚಿಕ್ಕ ರನ್‌ವೇ ಸಾಕು. ನಮ್ಮ ಬಸ್ ಊರೂರು ನಿಂತು ಹೋಗುವ ಹಾಗೆ ಕರ್ಕ್‌ವಾಲ್‌ನಿಂದ ಹೊರಟು ದ್ವೀಪದಿಂದ ದ್ವೀಪಕ್ಕೆ ಹೋಗುತ್ತದೆ. ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ವೇಳಾಪಟ್ಟಿಯಲ್ಲಿ ಎರಡು ನಿಮಿಷ. ಗಾಳಿ ಅನುಕೂಲವಾಗಿದ್ದರೆ ಇನ್ನೂ ಬೇಗ. ದಾಖಲೆ 53 ಸೆಕೆಂಡ್. ಜಗತ್ತಿನಲ್ಲಿ ವೇಳಾಪಟ್ಟಿ ಪ್ರಕಾರ ಹಾರುವ ವಿಮಾನಗಳಲ್ಲಿ ಇದೇ ಅತಿ ಚಿಕ್ಕ ಹಾರಾಟ.

ದಾಖಲೆಗಾಗಿಯೇ ಹಾರಿ ಬರುವ ಪ್ರವಾಸಿಗರಿದ್ದಾರೆ. ಆದರೆ ವಿಮಾನ ಇರುವುದು ಅವರಿಗಾಗಿ ಅಲ್ಲ. ಮೇಷ್ಟ್ರು, ಡಾಕ್ಟರು, ಓದುವ ಮಕ್ಕಳು, ಆಸ್ಪತ್ರೆಗೆ ಹೋಗುವ ಹಿರಿಯರು ಇದನ್ನೇ ನಂಬಿದ್ದಾರೆ. ದೋಣಿಯೂ ಇದೆ, ಆದರೆ ಸಮುದ್ರ ಉಕ್ಕಿದ ದಿನ ಅದನ್ನು ನೆಚ್ಚಿಕೊಳ್ಳಲಾಗದು. ಎಂಟು ಸೀಟಿನ ಟಿಕೆಟ್ ಹಣದಲ್ಲಿ ವಿಮಾನದ ಖರ್ಚು ಹುಟ್ಟುವುದಿಲ್ಲ. ಅಲ್ಲಿನ ಸ್ಥಳೀಯ ಆಡಳಿತ ಕೈಯಿಂದ ಹಣ ಹಾಕಿ ಇದನ್ನು ಉಳಿಸಿಕೊಂಡಿದೆ. ಲಾಭ ನೋಡಿದ್ದರೆ ಈ ವಿಮಾನ ಎಂದೋ ನಿಲ್ಲುತ್ತಿತ್ತು.

ಎರಡು ಊರುಗಳ ನಡುವೆ ಎಷ್ಟು ಕಿಲೋಮೀಟರ್ ಎಂದು ಕೇಳಿದರೆ ಸಾಲದು, ನಡುವೆ ಏನಿದೆ ಎಂದೂ ಕೇಳಬೇಕು. ಅವರಿಗೆ ಅಲ್ಲಿ ಸಮುದ್ರ. ನಾನು ಸುದ್ದಿ ಮಾಡಲು ಹೋದ ಊರಿಗೆ ಹಳ್ಳ. ಮಳೆಗಾಲದಲ್ಲಿ ಆ ಹಳ್ಳ ತುಂಬಿದರೆ, ಬಸುರಿ ಹೆಂಗಸಿಗೆ ಆ ಮೂರು ಕಿಲೋಮೀಟರ್ ಎಷ್ಟು ದೂರ?