ಯುಎಸ್‌ಎನ್, ಸಿಐಇ, ಎಸ್‌ಇಇ: ಎಂಜಿನಿಯರಿಂಗ್ ಕಾಲೇಜಿನ ಅಕ್ಷರಗಳ ಅರ್ಥ

‘ಎಐಸಿಟಿಇ ಪಾಯಿಂಟ್ಸ್ ವರದಿಯನ್ನು ಯುಎಸ್‌ಎನ್ ಸಮೇತ ಸಿಆರ್ ಮೂಲಕ ಎಚ್‌ಒಡಿಗೆ ತಲುಪಿಸುವುದು.’ ಕರ್ನಾಟಕದ ಯಾವ ಎಂಜಿನಿಯರಿಂಗ್ ಕಾಲೇಜಿಗೆ ಹೋದರೂ ನೋಟಿಸ್ ಬೋರ್ಡಿನಲ್ಲಿ ಇಂಥದ್ದೊಂದು ಸಾಲು ಇದ್ದೇ ಇರುತ್ತದೆ. ಆಗಷ್ಟೇ ಪಿಯುಸಿ ಮುಗಿಸಿ ಬಂದವರಿಗೆ, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ತಮಗೊಬ್ಬರಿಗೇ ಇದು ತಿಳಿಯಲಿಲ್ಲವೇನೋ ಎಂಬ ಅಳುಕು. ನಿಜ ಹೇಳಬೇಕೆಂದರೆ ಸೀನಿಯರ್‌ಗಳಲ್ಲೂ ಅನೇಕರಿಗೆ ಪೂರ್ಣರೂಪ ಗೊತ್ತಿರುವುದಿಲ್ಲ. ಯಾವ ಕೆಲಸಕ್ಕೆ ಯಾರ ಬಳಿ ಹೋಗಬೇಕೆಂಬುದು ಮಾತ್ರ ಗೊತ್ತಿರುತ್ತದೆ. ಕಲಿಯಬೇಕಾದದ್ದೂ ಅಷ್ಟೇ: ಈ ಅಕ್ಷರಗಳನ್ನು ಹುಟ್ಟಿಸಿದವರು ಯಾರು, ನಮ್ಮ ಅಂಕಕ್ಕೆ, ಶುಲ್ಕಕ್ಕೆ, ಪದವಿಗೆ ಅವುಗಳಿಂದ ಏನಾಗುತ್ತದೆ. ಅಂದಹಾಗೆ, ಆ ನೋಟಿಸಿನ ಸಿಆರ್ ಎಂದರೆ ತರಗತಿಯ ಪ್ರತಿನಿಧಿ, ಎಚ್‌ಒಡಿ ಎಂದರೆ ವಿಭಾಗದ ಮುಖ್ಯಸ್ಥರು.

ಸೀಟು ಕೊಟ್ಟವರ ಅಕ್ಷರಗಳು

ಸಿಇಟಿ ನಡೆಸುವುದು ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಕಾಮೆಡ್‌ಕೆ ಸರ್ಕಾರದ್ದಲ್ಲ, ಅದು ರಾಜ್ಯದ ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಮತ್ತು ದಂತವೈದ್ಯಕೀಯ ಕಾಲೇಜುಗಳ ಒಕ್ಕೂಟ. ಯಾವ ದಾರಿಯಲ್ಲಿ ಸೀಟು ಸಿಕ್ಕಿತು ಎಂಬುದರ ಮೇಲೆ ಶುಲ್ಕ ಬದಲಾಗುತ್ತದೆ. ಹಾಗಾಗಿ ಕಾಲೇಜಿನ ಕಚೇರಿಯಲ್ಲಿ ಮೊದಲು ಕೇಳುವುದೇ ಇದನ್ನು.

ಕೆಇಎ ಹಂಚಿಕೆ ಪತ್ರದಲ್ಲಿ 2ಎಜಿ, 2ಎಕೆ, 2ಎಆರ್ ಎಂಬಂಥ ಗುರುತುಗಳಿರುತ್ತವೆ. ಮೊದಲ ಭಾಗ ಮೀಸಲಾತಿಯ ಪ್ರವರ್ಗ. ಕೊನೆಯ ‘ಕೆ’ ಎಂದರೆ ಒಂದರಿಂದ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ‘ಆರ್’ ಎಂದರೆ ಗ್ರಾಮೀಣ, ‘ಜಿ’ ಎಂದರೆ ಇವೆರಡೂ ಅಲ್ಲದ ಸಾಮಾನ್ಯ. ಇನ್ನೊಂದು ಎಸ್‌ಎನ್‌ಕ್ಯೂ. ಇದು ಮಂಜೂರಾದ ಸೀಟುಗಳಿಗೆ ಮೇಲ್ಪಟ್ಟು ಸೇರಿಸುವ ಶೇ 5ರಷ್ಟು ಸೀಟು. ಕುಟುಂಬದ ವಾರ್ಷಿಕ ಆದಾಯ ಮಿತಿಯೊಳಗಿದ್ದರೆ ಬೋಧನಾ ಶುಲ್ಕದಲ್ಲಿ ವಿನಾಯಿತಿ ಸಿಗುತ್ತದೆ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ರಾಜ್ಯ ಸರ್ಕಾರದ ಜಾಲತಾಣಕ್ಕೆ ಎಲ್ಲರೂ ಎಸ್‌ಎಸ್‌ಪಿ ಎನ್ನುತ್ತಾರೆ.

ಯುಎಸ್‌ಎನ್: ಹತ್ತು ಅಕ್ಷರಗಳ ಗುರುತು

ವಿಟಿಯು ಎಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. 1998ರಲ್ಲಿ ಆರಂಭವಾದ ಇದರ ಕೇಂದ್ರ ಕಚೇರಿ ಬೆಳಗಾವಿಯ ಜ್ಞಾನಸಂಗಮದಲ್ಲಿದೆ. ಅದು ಪ್ರತಿ ವಿದ್ಯಾರ್ಥಿಗೂ ಕೊಡುವ ನೋಂದಣಿ ಸಂಖ್ಯೆಯೇ ಯುಎಸ್‌ಎನ್. ಕಾಲೇಜಿಗೆ ಸೇರಿದ ದಿನವೇ ಅದು ಕೈಗೆ ಬರುವುದಿಲ್ಲ. ಅಲ್ಲಿಯವರೆಗೆ ತಾತ್ಕಾಲಿಕ ಕ್ರಮಸಂಖ್ಯೆಯಲ್ಲೇ ಹಾಜರಿ.

‘4ಎಕ್ಸ್‌ವೈ22ಸಿವಿ401’ ಎಂಬ ಕಾಲ್ಪನಿಕ ಸಂಖ್ಯೆಯನ್ನು ಬಿಡಿಸಿ ನೋಡೋಣ. ಮೊದಲ ಅಂಕಿ ಪ್ರಾದೇಶಿಕ ವಲಯ: 1 ಬೆಂಗಳೂರು, 2 ಬೆಳಗಾವಿ, 3 ಕಲಬುರಗಿ, 4 ಮೈಸೂರು. ಮಂಗಳೂರು, ಶಿವಮೊಗ್ಗದ ಕಾಲೇಜುಗಳೂ ನಾಲ್ಕರಲ್ಲೇ ಬರುತ್ತವೆ. ಮುಂದಿನ ಎರಡು ಅಕ್ಷರ ಕಾಲೇಜಿನದು, 22 ಪ್ರವೇಶದ ವರ್ಷ, ಸಿವಿ ಎಂದರೆ ಸಿವಿಲ್ ವಿಭಾಗ. ಕೊನೆಯ ಮೂರು ಅಂಕಿ ಕ್ರಮಸಂಖ್ಯೆ. ಅದು 400ರಿಂದ ಶುರುವಾಗಿದ್ದರೆ ಆ ವಿದ್ಯಾರ್ಥಿ ಡಿಪ್ಲೊಮಾ ಮುಗಿಸಿ ನೇರವಾಗಿ ಎರಡನೇ ವರ್ಷಕ್ಕೆ ಬಂದವರು, ಅಂದರೆ ಲ್ಯಾಟರಲ್ ಎಂಟ್ರಿ. ಫಲಿತಾಂಶ, ಹಾಲ್ ಟಿಕೆಟ್, ಪ್ಲೇಸ್‌ಮೆಂಟ್ ಪಟ್ಟಿ ಎಲ್ಲದಕ್ಕೂ ಇದೇ ಸಂಖ್ಯೆ. ಹೆಸರು ಮರೆತ ಮೇಷ್ಟ್ರೂ ಯುಎಸ್‌ಎನ್‌ನ ಕೊನೆಯ ಮೂರಂಕಿ ಮರೆತಿರುವುದಿಲ್ಲ.

ಸಿಐಇ ಮತ್ತು ಎಸ್‌ಇಇ

ಪಾಸು-ಫೇಲು ನಿಂತಿರುವುದು ಇವೆರಡರ ಮೇಲೆ. ಸಿಐಇ ಎಂದರೆ ಕಾಲೇಜಿನಲ್ಲೇ ಸೆಮಿಸ್ಟರ್ ಪೂರ್ತಿ ನಡೆಯುವ ನಿರಂತರ ಆಂತರಿಕ ಮೌಲ್ಯಮಾಪನ. ಹುಡುಗರ ಬಾಯಲ್ಲಿ ಇದು ‘ಇಂಟರ್ನಲ್ಸ್’ ಅಥವಾ ‘ಐಎ’. ಎಸ್‌ಇಇ ಸೆಮಿಸ್ಟರ್ ಕೊನೆಯ ಪರೀಕ್ಷೆ.

2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯಕ್ರಮ ಮತ್ತು ಪರೀಕ್ಷಾ ನಿಯಮಗಳಲ್ಲಿ, ಥಿಯರಿ ವಿಷಯವೊಂದಕ್ಕೆ ಸಿಐಇ 50 ಅಂಕ. ಎಸ್‌ಇಇ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ. ಸಿಐಇಯಲ್ಲಿ ಕನಿಷ್ಠ 20 ಬರಬೇಕು; ಎಸ್‌ಇಇಯಲ್ಲಿ ಶೇ 35, ಅಂದರೆ 50ಕ್ಕೆ 18. ಇಲ್ಲೊಂದು ಸಣ್ಣ ಗುಂಡಿಯಿದೆ. 20ಕ್ಕೆ 18 ಸೇರಿದರೆ 38. ಆದರೆ ಒಟ್ಟು 40 ಇರಲೇಬೇಕೆಂಬುದು ನಿಯಮ. ಎರಡರಲ್ಲೂ ಗಡಿ ಮುಟ್ಟಿದವರು ಎರಡು ಅಂಕಕ್ಕೆ ಬ್ಯಾಕ್‌ಲಾಗ್ ಉಳಿಸಿಕೊಳ್ಳುವುದು ಹೀಗೆ. ಸಿಐಇಯಲ್ಲಿ 20 ಬಾರದಿದ್ದರೆ ಎಸ್‌ಇಇ ಬರೆಯಲು ಅವಕಾಶವೇ ಇಲ್ಲ. ಶೇ 85 ಹಾಜರಾತಿ ಇಲ್ಲದಿದ್ದರೂ ಅದೇ ಗತಿ; ಸಕಾರಣವಿದ್ದರೆ ಒಂದಿಷ್ಟು ರಿಯಾಯಿತಿ ಸಿಗಬಹುದು, ಆದರೆ ಅದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ.

ಫಲಿತಾಂಶದಲ್ಲಿ ಪಿ ಎಂದರೆ ಪಾಸು, ಎಫ್ ಎಂದರೆ ಫೇಲು, ಎ ಎಂದರೆ ಗೈರುಹಾಜರು. ಡಬ್ಲ್ಯು ಕಂಡರೆ ಗಾಬರಿ ಬೇಡ. ಫಲಿತಾಂಶ ತಡೆಹಿಡಿದಿದ್ದಾರೆ ಎಂದರ್ಥ, ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ವಿಚಾರಿಸಿ. ಎನ್‌ಇ ಎಂದಿದ್ದರೆ ಪರೀಕ್ಷೆಗೆ ಅರ್ಹತೆಯೇ ಇರಲಿಲ್ಲ ಎಂದು.

ಸ್ವಾಯತ್ತ ಕಾಲೇಜುಗಳು ವಿಟಿಯು ವ್ಯಾಪ್ತಿಯಲ್ಲಿದ್ದರೂ ಪರೀಕ್ಷೆಯನ್ನು ತಾವೇ ನಡೆಸುತ್ತವೆ. ಅಲ್ಲಿ ಹೆಸರು ಇವೇ ಇದ್ದರೂ ಲೆಕ್ಕ ಬೇರೆ ಇರಬಹುದು. ವಿಟಿಯು ಕೂಡ 2015, 2017, 2018, 2021, 2022 ಎಂದು ಸ್ಕೀಮು ಬದಲಿಸುತ್ತಲೇ ಬಂದಿದೆ. ಅಣ್ಣನ ಕಾಲದ ನಿಯಮ ತಮ್ಮನಿಗೆ ಲಾಗೂ ಆಗಬೇಕೆಂದಿಲ್ಲ.

ಪ್ರಶ್ನೆಪತ್ರಿಕೆಯ ಬಲ ಅಂಚು

ವಿಷಯದ ಕೋಡ್ ಓದುವುದು ಸುಲಭ. ಬಿಸಿಎಸ್304 ಎಂಬುದರಲ್ಲಿ ‘ಬಿ’ 2022ರ ಸ್ಕೀಮಿನ ಗುರುತು, ಸಿಎಸ್ ವಿಭಾಗ, 3 ಮೂರನೇ ಸೆಮಿಸ್ಟರ್, 04 ಕ್ರಮಸಂಖ್ಯೆ. ಈ ವಿಷಯ ಡೇಟಾ ಸ್ಟ್ರಕ್ಚರ್ಸ್.

ಪತ್ರಿಕೆಯಲ್ಲಿ ಐದು ಮಾಡ್ಯೂಲ್, ಪ್ರತಿಯೊಂದರಲ್ಲಿ 20 ಅಂಕದ ಎರಡು ಪ್ರಶ್ನೆ. ಒಂದನ್ನು ಪೂರ್ತಿ ಬರೆಯಬೇಕು. ಬಲ ಅಂಚಿನಲ್ಲಿ ಎಂ, ಎಲ್, ಸಿ ಎಂಬ ಮೂರು ಕಿರಿದಾದ ಸಾಲುಗಳಿರುತ್ತವೆ. ಹೆಚ್ಚಿನವರು ಎಂ ನೋಡಿ ಅಂಕ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ಎಲ್ ಎಂದರೆ ಬ್ಲೂಮ್ ವರ್ಗೀಕರಣದ ಹಂತ: ಎಲ್1 ನೆನಪಿನಿಂದ ಬರೆಯುವುದು, ಎಲ್2 ಅರ್ಥ ಮಾಡಿಕೊಂಡು ವಿವರಿಸುವುದು, ಎಲ್3 ಕಲಿತದ್ದನ್ನು ಹೊಸ ಸಮಸ್ಯೆಗೆ ಅನ್ವಯಿಸುವುದು. ಎಲ್3 ಪ್ರಶ್ನೆಗೆ ಎರಡು ಪುಟ ವ್ಯಾಖ್ಯಾನ ತುಂಬಿಸಿದರೆ ಅಂಕ ಬರುವುದಿಲ್ಲ. ಸಿ ಎಂದರೆ ಸಿಒ, ಆ ವಿಷಯ ಕಲಿತವರು ಏನು ಮಾಡಬಲ್ಲವರಾಗಬೇಕು ಎಂಬ ಉದ್ದೇಶದ ಸಂಖ್ಯೆ. ಇದರ ಉಪಯೋಗ ವಿದ್ಯಾರ್ಥಿಗಿಂತ ಅಧ್ಯಾಪಕರ ಕಡತಕ್ಕೇ ಹೆಚ್ಚು.

ಎಸ್‌ಜಿಪಿಎ, ಸಿಜಿಪಿಎ

ಒಂದು ಸೆಮಿಸ್ಟರಿನ ಸರಾಸರಿ ಎಸ್‌ಜಿಪಿಎ, ಅಲ್ಲಿಯವರೆಗಿನ ಎಲ್ಲ ಸೆಮಿಸ್ಟರುಗಳದ್ದು ಸಿಜಿಪಿಎ. ಇದು ಬರೀ ಅಂಕಗಳ ಸರಾಸರಿಯಲ್ಲ, ಕ್ರೆಡಿಟ್ ತೂಕ ಸೇರಿದ್ದು. ನಾಲ್ಕು ಕ್ರೆಡಿಟ್ಟಿನ ಗಣಿತದಲ್ಲಿ 7 ಗ್ರೇಡ್ ಪಾಯಿಂಟ್, ಒಂದು ಕ್ರೆಡಿಟ್ಟಿನ ವಿಷಯದಲ್ಲಿ 10 ಬಂದರೆ ಇವೆರಡರ ಸರಾಸರಿ 7.6. ತಿರುಗಿಸಿ ಗಣಿತದಲ್ಲಿ 10, ಇನ್ನೊಂದರಲ್ಲಿ 7 ಬಂದರೆ 9.4. ಓದುವ ಸಮಯ ಹಂಚಿಕೊಳ್ಳುವಾಗ ಇದು ನೆನಪಿರಲಿ. 2022ರ ಸ್ಕೀಮಿನಲ್ಲಿ ಬಿಇ ಪದವಿಗೆ ಒಟ್ಟು 160 ಕ್ರೆಡಿಟ್ ಬೇಕು.

ಎನ್‌ಬಿಎ, ನ್ಯಾಕ್

ವರ್ಷದಲ್ಲಿ ಕೆಲವು ದಿನ ಕಾರಿಡಾರಿಗೆ ಸುಣ್ಣಬಣ್ಣ ಬಳಿದು, ಲ್ಯಾಬ್ ಒರೆಸಿ, ಎಲ್ಲರ ಕೈಗೂ ಫೀಡ್‌ಬ್ಯಾಕ್ ಫಾರಂ ಕೊಟ್ಟರೆ ಮಾನ್ಯತೆ ಕೊಡುವ ಈ ಎರಡು ಸಂಸ್ಥೆಗಳಲ್ಲಿ ಒಂದರವರು ಬರುತ್ತಿದ್ದಾರೆ ಎಂದು ತಿಳಿಯಿರಿ. ನ್ಯಾಕ್ ಇಡೀ ಸಂಸ್ಥೆಯನ್ನು ಅಳೆಯುತ್ತದೆ. ಅದರ ಪ್ರಧಾನ ಕಚೇರಿ ಬೆಂಗಳೂರಿನಲ್ಲೇ ಇದೆ. ಎನ್‌ಬಿಎ ಮಾನ್ಯತೆ ಕೊಡುವುದು ವಿಭಾಗವಾರು. ಒಂದೇ ಕಾಲೇಜಿನ ಮೆಕ್ಯಾನಿಕಲ್‌ಗೆ ಇದ್ದ ಮಾನ್ಯತೆ ಪಕ್ಕದ ವಿಭಾಗಕ್ಕೆ ಇಲ್ಲದಿರಬಹುದು.

ಹೊರದೇಶಕ್ಕೆ ಹೋಗುವ ಆಲೋಚನೆ ಇರುವವರು ಎನ್‌ಬಿಎ ಕಡೆ ಗಮನ ಕೊಡಬೇಕು. ಭಾರತ 2014ರಲ್ಲಿ ಎಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದದ ಕಾಯಂ ಸದಸ್ಯತ್ವ ಪಡೆಯಿತು. ಆದರೆ ಅದರ ಮನ್ನಣೆ ಎನ್‌ಬಿಎ ಟೈರ್-1 ಪದ್ಧತಿಯಲ್ಲಿ ಮಾನ್ಯತೆ ಪಡೆದ ಕೋರ್ಸುಗಳಿಗೆ ಮಾತ್ರ.

ಕಾಲೇಜುಗಳ ಹೆಸರು

ಬೆಂಗಳೂರಿನಲ್ಲಿ ಬಿಎಂಎಸ್‌ಸಿಇ ಬೇರೆ, ಬಿಎಂಎಸ್‌ಐಟಿ ಬೇರೆ. ಎಸ್‌ಜೆಸಿಇ ಮೈಸೂರಿನದು, ಎಸ್‌ಜೆಸಿಐಟಿ ಚಿಕ್ಕಬಳ್ಳಾಪುರದ್ದು, ಎಸ್‌ಜೆಬಿಐಟಿ ಬೆಂಗಳೂರಿನದು. ಯುವಿಸಿಇ 1917ರಲ್ಲಿ ವಿಶ್ವೇಶ್ವರಯ್ಯನವರು ಆರಂಭಿಸಿದ ಕಾಲೇಜು. ಸುರತ್ಕಲ್ಲಿನ ಎನ್‌ಐಟಿಕೆಯನ್ನು ಹಳಬರು ಇಂದಿಗೂ ಕೆಆರ್‌ಇಸಿ ಎಂದೇ ಕರೆಯುತ್ತಾರೆ. ಆಪ್ಶನ್ ಎಂಟ್ರಿಯಲ್ಲಿ ಒಂದಕ್ಷರ ತಪ್ಪಿ ಓದಿದರೆ ಊರೇ ಬದಲಾದೀತು.

ಎಐಸಿಟಿಇ ಪಾಯಿಂಟ್ಸ್

ಎಐಸಿಟಿಇ ಎಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ. ಸ್ಥಾಪನೆ 1945ರಲ್ಲಿ, ಶಾಸನಬದ್ಧ ಅಧಿಕಾರ 1987ರ ಕಾಯ್ದೆಯಿಂದ. ಅದು ಹೇಳಿದ ಚಟುವಟಿಕೆ ಅಂಕಗಳನ್ನು ವಿಟಿಯು ಕಡ್ಡಾಯ ಮಾಡಿದೆ: ಮೊದಲ ವರ್ಷದಿಂದ ಓದುವವರಿಗೆ 100, ಲ್ಯಾಟರಲ್ ಎಂಟ್ರಿಯವರಿಗೆ 75. ಹಳ್ಳಿ ಶಾಲೆಗೆ ನೆರವಾಗುವುದು, ಕಸ ವಿಲೇವಾರಿಯ ಅರಿವು ಮೂಡಿಸುವುದು ಇಂಥ ಸಮಾಜಮುಖಿ ಕೆಲಸಗಳಿಗೆ ಇವು ಸಿಗುತ್ತವೆ. ಸಿಜಿಪಿಎಗೆ ಸೇರದ ಕಾರಣ ಬಹುತೇಕರು ಇದನ್ನು ಕೊನೆಯ ವರ್ಷಕ್ಕೆ ತಳ್ಳುತ್ತಾರೆ. ಮೊದಲ ಸೆಮಿಸ್ಟರಿನಿಂದಲೇ ಮಾಡಿದ ಕೆಲಸದ ಫೋಟೊ, ಪ್ರಮಾಣಪತ್ರಗಳನ್ನು ದಿನಾಂಕ ಸಹಿತ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಪಾಯಿಂಟ್ ಪೂರ್ತಿಯಾಗದೆ ಎಂಟನೇ ಸೆಮಿಸ್ಟರಿನ ಗ್ರೇಡ್ ಕಾರ್ಡ್ ಕೈಗೆ ಸಿಗುವುದಿಲ್ಲ.