ಪುಣೆಯ ಶಾರದಾ ಸದನ ಮತ್ತು ಬೋಸ್ಟನ್ನಿನ ಹಣ

ಅಮೆರಿಕ ಕ್ರೈಸ್ತ ದೇಶವೋ, ಜಾತ್ಯತೀತ ದೇಶವೋ ಅಂತ ವಿದ್ಯಾರ್ಥಿಗಳು ಆಗಾಗ ಕೇಳುತ್ತಾರೆ. ಈ ಪ್ರಶ್ನೆ 1893ರಲ್ಲಿ ಪುಣೆಯ ಒಂದು ಹೆಣ್ಣುಮಕ್ಕಳ ಶಾಲೆಯೊಳಗೇ ಜಗಳವಾಗಿ ಬಂದಿತ್ತು.

ಆ ಶಾಲೆ ಶಾರದಾ ಸದನ. ಕಟ್ಟಿದವರು ಪಂಡಿತಾ ರಮಾಬಾಯಿ. ಅವರು 1858ರಲ್ಲಿ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. ನಮ್ಮ ಕಡೆಯವರೇ ಅನ್ನಿ. 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತರಾದರು. 1886ರಲ್ಲಿ ಅಮೆರಿಕಕ್ಕೆ ಹೋಗಿ ಊರೂರು ಸುತ್ತಿ ಬಾಲವಿಧವೆಯರ ಪಾಡು ಹೇಳಿದರು. 1887ರಲ್ಲಿ ಬೋಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿ, ಹತ್ತು ವರ್ಷ ಹಣ ಕೊಡಲು ಒಪ್ಪಿತು. ಮುಂದೆ ನಿಂತವರು ಚರ್ಚಿನ ಜನ. ಆದರೂ ಶಾಲೆಯಲ್ಲಿ ಯಾವ ಧರ್ಮವನ್ನೂ ಬೋಧಿಸಕೂಡದು ಅಂತ ಮಾತಾಯಿತು.

ಇದೇನು ವಿಚಿತ್ರ ಅನ್ನಿಸಬಹುದು. ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಬಂದ ಮೊದಲ ತಿದ್ದುಪಡಿ ಅಧಿಕೃತ ಧರ್ಮ ಬೇಡ ಅಂದದ್ದು ಕೇಂದ್ರಕ್ಕೆ ಮಾತ್ರ, ರಾಜ್ಯಗಳಿಗಲ್ಲ. ಬೋಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಚರ್ಚಿಗಾಗಿ ತೆರಿಗೆ ಎತ್ತುವ ಪದ್ಧತಿ 1833ರವರೆಗೂ ಇತ್ತು. ಆಮೇಲೆ ಚರ್ಚುಗಳು ಚಂದಾ ಎತ್ತಿಯೇ ಬದುಕಿದವು, ಬಡವಾಗಲಿಲ್ಲ. ಗುಲಾಮಗಿರಿಯ ವಿರೋಧ, ಪಾನನಿಷೇಧ, ಸ್ತ್ರೀಶಿಕ್ಷಣ, ಎಲ್ಲದರಲ್ಲೂ ಅವುಗಳ ಸಂಘಗಳಿದ್ದವು. (ಗುಲಾಮರನ್ನು ಇಟ್ಟುಕೊಂಡವರೂ ಬೈಬಲನ್ನೇ ತೋರಿಸುತ್ತಿದ್ದರು, ಅದೂ ನಿಜ.) 1892ರಲ್ಲಿ, ಇಂಗ್ಲೆಂಡಿನಿಂದ ಪಾದ್ರಿಯನ್ನು ಕರೆಸಿಕೊಂಡ ಒಂದು ಚರ್ಚಿನ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬ್ರೂವರ್ ಅಮೆರಿಕ ಕ್ರೈಸ್ತ ರಾಷ್ಟ್ರ ಅಂತಲೇ ಬರೆದರು. ಅಧಿಕೃತ ಧರ್ಮ ಇಲ್ಲ, ಆದರೆ ಎಲ್ಲೆಲ್ಲೂ ಧರ್ಮವೇ.

ಆ ಇಬ್ಬಗೆ ಹಣದ ಜೊತೆ ಇಲ್ಲಿಗೂ ಬಂತು. ಸದನ 1889ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಪುಣೆಗೆ ಬಂತು. ರಾನಡೆ, ಭಂಡಾರ್ಕರ್ ಅವರಂಥವರು ಸಲಹೆಗಾರರು. ಪಾಠದಲ್ಲಿ ಬೈಬಲ್ ಇರಲಿಲ್ಲ. ಆದರೆ ರಮಾಬಾಯಿ ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಕೆಲವು ಹುಡುಗಿಯರು ಬಂದು ಕೂರುತ್ತಿದ್ದರು. ತಿಲಕರ 'ಕೇಸರಿ' ಹರಿಹಾಯ್ದಿತು. 1893ರಲ್ಲಿ ಸಲಹೆಗಾರರು ರಾಜೀನಾಮೆ ಕೊಟ್ಟರು, ಎಷ್ಟೋ ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು.

ಸಲಹೆಗಾರರ ಅಳುಕು ನನಗೆ ಅರ್ಥವಾಗುತ್ತೆ. ಅನ್ನ, ಆಸರೆ ಕೊಟ್ಟವರ ಪ್ರಾರ್ಥನೆಗೆ ಬಂದು ಕೂರುವ ಹುಡುಗಿಯ ಇಷ್ಟ ಎಷ್ಟು ಸ್ವಂತದ್ದು? ಹಾಗಂತ ರಮಾಬಾಯಿ ತಮ್ಮ ಕೋಣೆಯಲ್ಲೇ ಕದ ಹಾಕಿಕೊಳ್ಳಬೇಕಿತ್ತೇ? ಹಾಸ್ಟೆಲಿನಲ್ಲಿ ನಮಾಜಿಗೆ ಚಾಪೆ ಹಾಸಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಬೋಸ್ಟನ್ ಸಂಘ ಅವರ ಕೈಬಿಡಲಿಲ್ಲ. ಹತ್ತು ವರ್ಷದ ಗಡುವು ಮುಗಿದ ಮೇಲೆ ಪುಣೆ ಸಮೀಪದ ಕೇಡಗಾಂವ್‌ನಲ್ಲಿ ಅವರು ಕಟ್ಟಿದ 'ಮುಕ್ತಿ' ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು.

ಸರ್ಕಾರದ ಮಾನ್ಯತೆ ಅಥವಾ ನೆರವು ಪಡೆದ ಶಾಲೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಪಾಠಕ್ಕೆ, ಪೂಜೆಗೆ ಕೂರಿಸುವಂತಿಲ್ಲ ಅನ್ನುತ್ತೆ ನಮ್ಮ ಸಂವಿಧಾನದ 28ನೇ ವಿಧಿ. ಚಿಕ್ಕವರಾದರೆ ಪೋಷಕರ ಒಪ್ಪಿಗೆ ಬೇಕು. ಶಾರದಾ ಸದನದ ಬಾಲವಿಧವೆಗೆ ಪೋಷಕರು ಅಂದರೆ ಯಾರು, ಅವಳ ತಲೆ ಬೋಳಿಸಿದ ಮನೆಯವರೇ?